ದೊಡ್ಡದು ಅಂದರೆ ಮೊದಲು ಬಂದದ್ದು

ಗುರುವಾರ ಬೆಳಿಗ್ಗೆ ಅತ್ತಿಗೆಯ ಗಂಟಲಿನ ಆಪರೇಷನ್ ಎಂದು ನಿಶ್ಚಯವಾಗಿತ್ತು. ಅದಾದ ಮೇಲೆ ಅವರಿಗೆ ಧ್ವನಿ ಇರುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರಿಗೆ ಗೊತ್ತಿರದ ಸಂಗತಿ ಇನ್ನೊಂದಿತ್ತು. ಅದನ್ನು ಗುರುವಾರಕ್ಕೆ ಮೊದಲು ಹೇಳಬೇಕೋ, ಆಮೇಲೆ ಹೇಳಬೇಕೋ, ಹೇಳಲೇಬಾರದೋ ಎಂಬ ಚಿಂತೆ ನನ್ನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕೂತಿತ್ತು. ಎಷ್ಟು ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಚಿಂತೆ ಮಾಡುವುದರಲ್ಲಿ ನಾನು ಹೊಸಬಳೇನಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸಿಳಿದು ಮನೆಗೆ ಓಡಿಬಂದವಳು. ಮಕ್ಕಳು ಕೆಮ್ಮಿದರೆ ಯಾಕೆ ಕೆಮ್ಮಿದರು ಎಂದು, ಕೆಮ್ಮದಿದ್ದರೆ ಯಾಕಿಷ್ಟು ಸುಮ್ಮನಿದ್ದಾರೆ ಎಂದು ಎದ್ದು ಹೋಗಿ ಮೂಗಿನ ಹತ್ತಿರ ಬೆರಳಿಟ್ಟು ನೋಡುವವಳು. "ನಿನ್ನ ಚಿಂತೇನ ಬಾಡಿಗೆಗೆ ಕೊಡೇ, ಕೂತು ತಿನ್ನಬಹುದು" ಎಂದು ಅತ್ತಿಗೆ ಆಡಿಕೊಳ್ಳುತ್ತಿದ್ದರು.

ಅತ್ತಿಗೆ ಅಂದರೆ ನನ್ನ ಗಂಡನ ಅಕ್ಕ. ನಮ್ಮ ಮನೆಯ ಮಹಡಿ ಮೇಲಿನ ಒಂಟಿ ಕೋಣೆ ಅವರದು. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಮಾತು ಕಲಿಸುವ ಕೆಲಸ. ಬೀದಿಗೆಲ್ಲ ಅವರು ಮಾತಿನ ಟೀಚರ್. ಆ ಹೆಸರಿಗೆ ಅವರ ಕೆಲಸ ಎಷ್ಟು ಕಾರಣವೋ ಅವರ ಬಾಯಿಯೂ ಅಷ್ಟೇ ಕಾರಣ. ಮೆಟ್ಟಿಲ ಮೇಲೆ ಸಿಕ್ಕಿದರೆ ಕೈಯಲ್ಲಿದ್ದ ಹಾಲು ಮೊಸರಾಗುವ ತನಕ ಬಿಡುವುದಿಲ್ಲ ಎಂದು ಎದುರು ಮನೆಯ ಟೈಲರ್ ಹೇಳುತ್ತಿದ್ದ. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ನಡುವೆ ಮಾತಾಡದೆ ಕೂತುಕೊಳ್ಳುವ ಗಂಡು ಸಿಗಲಿಲ್ಲ ಎನ್ನುತ್ತಿದ್ದರು.

ಅವರು ಈ ಕೆಲಸಕ್ಕೆ ಬಂದದ್ದು ತಮ್ಮನ ದೆಸೆಯಿಂದ. ಅವರ ಅಮ್ಮ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುತ್ತಿದ್ದದ್ದು. ಮನೆಯಲ್ಲಿ ಉಳಿಯುತ್ತಿದ್ದವರು ಎರಡು ಜಡೆ ಹಾಕಿಕೊಂಡ ಈ ಅಕ್ಕ ಮತ್ತು ಮಾತು ಬಾರದ ತಮ್ಮ. ವಾರಿಗೆಯ ಮಕ್ಕಳೆಲ್ಲ ಪದ್ಯ ಒಪ್ಪಿಸುತ್ತಿದ್ದಾಗ ನನ್ನ ಗಂಡ ಬಾಯಿಗೆ ಬೀಗ ಹಾಕಿಕೊಂಡಿದ್ದರಂತೆ. ಮೂಗ ಎಂದು ಅಕ್ಕಪಕ್ಕದವರು ಹೆಸರಿಟ್ಟೂ ಆಗಿತ್ತು. ಅಕ್ಕ ಅವರನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವರ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿ ಹಿಡಿದು ಕತೆ ಹೇಳುತ್ತಿದ್ದರು. ಹಾಗೆ ಮಾಡಬೇಕೆಂದು ಯಾರೂ ಹೇಳಿಕೊಟ್ಟದ್ದಲ್ಲ. ಕತೆ ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಕತೆ ನಿಲ್ಲುತ್ತದೆ ಎಂದು ಮಾತ್ರ ಕರಾರು. ಒಂದು ದಿನ ಕತೆ ನಿಂತಿತು. ಅಂಗೈಯ ಕೆಳಗಿನ ನಡುಕವೂ ನಿಂತಿತು. ಆಗ ಹುಡುಗ "ಹೂಂ" ಅಂದ. ನನ್ನ ಗಂಡನ ಮೊದಲ ಮಾತು ಅದು. ಅಮ್ಮ ಎಂದದ್ದು ಎಷ್ಟೋ ದಿನದ ಮೇಲೆ. ಅದಕ್ಕೆ ನಮ್ಮತ್ತೆ ಸಾಯುವವರೆಗೂ ಮಗಳ ಮೇಲೆ ಸುಳ್ಳು ಮುನಿಸು ತೋರಿಸುತ್ತಿದ್ದರು.

ಆಮೇಲೆ ಅತ್ತಿಗೆ ಅದನ್ನೇ ಓದಿ, ಅದನ್ನೇ ಹೊಟ್ಟೆಪಾಡು ಮಾಡಿಕೊಂಡರು. ಅವರ ತರಗತಿಯನ್ನು ನಾನು ನೋಡಿದ್ದೇನೆ. ಗೋಡೆಗೆ ಒಂದು ಕನ್ನಡಿ, ಮೇಜಿನ ಮೇಲೆ ತೆಳ್ಳಗೆ ಕತ್ತರಿಸಿದ ಕಾಗದದ ಚೂರುಗಳು. ಪ ಎಂದರೆ ಕಾಗದ ಹಾರಬೇಕು, ಬ ಎಂದರೆ ಗಂಟಲು ನಡುಗಬೇಕು. ಮಕ್ಕಳು ಒಂದು ಕೈಯನ್ನು ಅವರ ಗಂಟಲಿಗೂ ಇನ್ನೊಂದನ್ನು ತಮ್ಮ ಗಂಟಲಿಗೂ ಇಟ್ಟುಕೊಂಡು ಎರಡೂ ಒಂದೇ ಸಮ ನಡುಗುತ್ತಿವೆಯೇ ಎಂದು ನೋಡುತ್ತಿದ್ದರು. ಹೀಗೆ ಎಷ್ಟು ಅಂಗೈಗಳು ಆ ಗಂಟಲನ್ನು ಮುಟ್ಟಿವೆಯೋ. ಗಂಟಲಿನ ಚರ್ಮ ಸವೆದಿರಬೇಕು ಎಂದು ಅವರೇ ನಗುತ್ತಿದ್ದರು. ಧ್ವನಿ ಒಡೆಯತೊಡಗಿದಾಗಲೂ ಹಾಗೇ ನಕ್ಕರು. ಪರೀಕ್ಷೆಯ ವರದಿ ಬಂದ ದಿನ ಮಾತ್ರ ನಗಲಿಲ್ಲ. ಗಂಟಲಿನ ಡಾಕ್ಟರು ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು ಎಂದರು.

ಈಗ ಒಂದು ವಿದ್ಯೆ ಬಂದಿದೆ. ಧ್ವನಿ ಹೋಗುವ ಮೊದಲು ಮನುಷ್ಯ ಸಾಕಷ್ಟು ವಾಕ್ಯಗಳನ್ನು ಓದಿ ಧ್ವನಿಮುದ್ರಣ ಮಾಡಿಟ್ಟರೆ, ಆಮೇಲೆ ಬೆರಳಲ್ಲಿ ಟೈಪು ಮಾಡಿದ್ದನ್ನು ಯಂತ್ರ ಅವರದೇ ಧ್ವನಿಯಲ್ಲಿ ಆಡಿ ತೋರಿಸುತ್ತದೆ. ಅತ್ತಿಗೆಗೆ ಇದು ಮೊದಲೇ ಗೊತ್ತಿತ್ತು, ಅವರ ಕಸುಬೇ ಅದಲ್ಲವೇ. ವರದಿ ಬಂದ ಮಾರನೆಯ ದಿನವೇ ಬಟ್ಟೆಯ ಬೀರುವಿನ ಬಾಗಿಲು ತೆರೆದು, ನೇತುಹಾಕಿದ ಬಟ್ಟೆಗಳ ನಡುವೆ ಮೈಕು ಇಟ್ಟು, ಹೊರಗಿನ ಸದ್ದು ಸೇರದಿರಲೆಂದು ತಲೆಯ ಮೇಲೆ ಕಂಬಳಿ ಹೊದ್ದುಕೊಂಡು ಓದಲು ಕೂತರು. ರೆಕಾರ್ಡರಿನ ಕಾರ್ಡು ಚಿಕ್ಕದು. ದಿನವೂ ಅದರಲ್ಲಿದ್ದದ್ದನ್ನು ಕಂಪ್ಯೂಟರಿಗೆ ಸುರಿದು, ಕಾರ್ಡನ್ನು ಖಾಲಿ ಮಾಡಿ, ಮತ್ತೆ ಓದುತ್ತಿದ್ದರು. ಕೇಳಿ ವಿಂಗಡಿಸಿ ಹೆಸರಿಡುವ ಕೆಲಸ ನನ್ನದು.

ಯಂತ್ರದವರು ಕೊಟ್ಟ ಪಟ್ಟಿಯ ವಾಕ್ಯಗಳು ಮುಗಿದ ಮೇಲೆ ಅವರು ಪಟ್ಟಿಯಲ್ಲಿಲ್ಲದ್ದನ್ನು ಶುರುಮಾಡಿದರು. ನನ್ನ ಮಕ್ಕಳನ್ನು ಮೆಟ್ಟಿಲ ಮೇಲಿಂದ ಕರೆಯುವುದು. ಬೈಯುವುದು. ಆಮೇಲೆ ಹೂಂ. ಸುಮ್ಮನೆ ಹೂಂ. ಒಪ್ಪಿದೆ ಎನ್ನುವ ಹೂಂ, ಮುಂದೆ ಹೇಳು ಎನ್ನುವ ಹೂಂ, ಬಿಡು ಕಂಡಿದ್ದೀನಿ ಎನ್ನುವ ಹೂಂ, ಮುನಿಸಿನ ಹೂಂ, ಕಿವಿಗೊಡದೆ ಅನ್ನುವ ಹೂಂ. ಇದೆಲ್ಲ ಯಾಕೆ ಅತ್ತಿಗೆ ಎಂದು ಕೇಳಿದರೆ, "ವಾಕ್ಯ ಯಾರು ಬೇಕಾದ್ರೂ ಆಡ್ತಾರೆ ಕಣೇ. ನಾನು ನಾನೇ ಅಂತ ಗೊತ್ತಾಗೋದು ಹೂಂ ಅಂದಾಗ" ಎಂದರು. ನಾನು ಒಂದೊಂದಕ್ಕೂ ಒಂದೊಂದು ಹೆಸರು ಕೊಟ್ಟು ಸಾಲಾಗಿ ಇಟ್ಟೆ.

ಇಲ್ಲಿ ನನ್ನ ಮಕ್ಕಳ ವಿಷಯ ಸ್ವಲ್ಪ ಹೇಳಬೇಕು. ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕಡ್ಡಿ. ಚಿಕ್ಕವಳು ಅಕ್ಕನಿಗಿಂತ ಒಂದು ಬೆರಳು ಎತ್ತರ, ಎರಡು ಬೆರಳು ಅಗಲ. ಬೀದಿಯಲ್ಲಿ ನೋಡಿದವರೆಲ್ಲ ಚಿಕ್ಕವಳನ್ನೇ ದೊಡ್ಡವಳು ಎನ್ನುತ್ತಾರೆ. ಅದನ್ನು ಕೇಳಿ ಕೇಳಿ ದೊಡ್ಡವಳನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿಯುವುದು ನನಗೊಂದು ಚಟವಾಗಿಬಿಟ್ಟಿತ್ತು. ಅತ್ತಿಗೆ ಒಮ್ಮೆ ಟೇಪು ಕಿತ್ತುಕೊಂಡು, "ದೊಡ್ಡದು ಅಂದ್ರೆ ಮೊದಲು ಬಂದದ್ದು ಕಣೇ, ಉದ್ದ ಇರೋದಲ್ಲ. ಮಗು ಎದುರಿಗೆ ಅಳತೆ ಮಾತಾಡಬೇಡ" ಎಂದು ಗದರಿದರು. ಅವರಿಗೆ ಇದು ಬರೀ ಸಮಾಧಾನದ ಮಾತಲ್ಲ, ನಡೆದುಬಂದ ಅಭ್ಯಾಸ. ಮನೆಯಲ್ಲಿ ದೊಡ್ಡ ಕುಕ್ಕರ್ ತಾ ಎಂದರೆ ಹಳೆಯ ಪುಟ್ಟ ಕುಕ್ಕರ್ ತರಬೇಕು. ದೊಡ್ಡ ಕುರ್ಚಿ ಎಂದರೆ ಕಾಲು ಅಲುಗಾಡುವ ಮೋಟು ಕುರ್ಚಿ. ಈ ಮನೆಗೆ ಬಂದ ಹೊಸತರಲ್ಲಿ ನಾನೂ ಎಡವಿ ಎಡವಿ ಕಲಿತದ್ದು.

ಮುದ್ರಣವೆಲ್ಲ ಮುಗಿಯುವ ಹೊತ್ತಿಗೆ ಅವರ ಕಂಪ್ಯೂಟರ್ ನರಳಿ ನರಳಿ ನಿಂತಿತು. ರಿಪೇರಿಯವನು ಅದರ ಹಾರ್ಡ್ ಡಿಸ್ಕ್ ಬಿಚ್ಚಿ ಕೈಗೆ ಕೊಟ್ಟು, ಡಿಸ್ಕಿಗೇನೂ ಆಗಿಲ್ಲ ಎಂದ. ಆದರೂ ಇದ್ದದ್ದು ಅದೊಂದೇ ಪ್ರತಿ. ಆಗ ಅವರು ಎರಡು ಡಿಸ್ಕ್ ಕೂರುವ ಒಂದು ಡಬ್ಬಿ ತರಿಸಿದರು. ಮನೆಯ ವೈಫೈಗೆ ಸೇರಿಸಿಟ್ಟರೆ ಬರೆದದ್ದೆಲ್ಲ ಎರಡು ಡಿಸ್ಕಿನಲ್ಲೂ ಒಂದೇ ಸಲ ಕೂರುತ್ತದೆ, ಒಂದು ಸತ್ತರೂ ಇನ್ನೊಂದು ಬದುಕಿರುತ್ತದೆ. ಜೊತೆಗೆ ಒಂದು ಹೊಸ ಡಿಸ್ಕೂ ಬಂತು. ಹೊಸದನ್ನು ಪೆಟ್ಟಿಗೆಯಿಂದ ತೆಗೆದು, ಹಳೆಯದರ ಜೊತೆ ಡ್ರಾಯರಿನಲ್ಲಿಟ್ಟರು. ತಟ್ಟಬಾರದು ಎಂದು ಎರಡಕ್ಕೂ ಒಂದೊಂದು ಕಾಲುಚೀಲ ತೊಡಿಸಿದ್ದರು.

ಮೊದಲು ಖಾಲಿ ಡಿಸ್ಕನ್ನು ಡಬ್ಬಿಗೆ ಹಾಕಿ ಸಿದ್ಧಪಡಿಸಬೇಕು. ಸಿದ್ಧಪಡಿಸುವಾಗ ಡಬ್ಬಿ ಆ ಡಿಸ್ಕನ್ನು ಒರೆಸಿಹಾಕುತ್ತದೆ. ಆಮೇಲೆ ಧ್ವನಿ ಇರುವ ಡಿಸ್ಕನ್ನು ಹೊರಗಿನಿಂದ ಕೇಬಲ್ಲಿಗೆ ಸಿಕ್ಕಿಸಿ ಎಲ್ಲವನ್ನೂ ಒಳಗೆ ನಕಲು ಮಾಡಿಕೊಳ್ಳಬೇಕು. ಅದು ಮುಗಿದ ಮೇಲೆಯೇ ಅದನ್ನೂ ಡಬ್ಬಿಯೊಳಗೆ ಜೋಡಿಯಾಗಿ ಕೂರಿಸಬೇಕು. ಇದನ್ನೆಲ್ಲ ಓದಿ ತಿಳಿದುಕೊಂಡದ್ದು ಅತ್ತಿಗೆಯೇ. ಮಾಡುವ ಹೊತ್ತಿಗೆ ಆಸ್ಪತ್ರೆಗೆ ಸೇರುವ ದಿನ ಬಂತು. ಹಾಗಾಗಿ ಕೆಲಸ ತಮ್ಮನ ಪಾಲಿಗೆ ಬಿತ್ತು.

ಶನಿವಾರ ಮಧ್ಯಾಹ್ನ ನನ್ನ ಗಂಡ ಊಟದ ಮೇಜಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂತರು. ಅವರು ಲಿಫ್ಟ್ ಕಂಪನಿಯಲ್ಲಿ ಕೆಲಸ ಮಾಡುವವರು. ಇದು ಎಷ್ಟು ಭಾರ ಹೊರುತ್ತದೆ, ಎಷ್ಟು ಜನ ಹಿಡಿಯುತ್ತಾರೆ ಎಂದು ಬೆಳಗಿನಿಂದ ಸಂಜೆಯವರೆಗೆ ಅಳೆಯುವುದೇ ಅವರ ಬದುಕು. ಎರಡು ಡಿಸ್ಕನ್ನೂ ಕಾಲುಚೀಲದಿಂದ ಕಳಚಿ ಮುಂದಿಟ್ಟುಕೊಂಡರು. ನೋಡಲು ಎರಡೂ ಒಂದೇ ಅಚ್ಚು. ಒಂದರ ಮೇಲೆ ಎರಡು ಟೆರಾಬೈಟ್, ಇನ್ನೊಂದರ ಮೇಲೆ ಎಂಟು ಟೆರಾಬೈಟ್ ಎಂದು, ಎಷ್ಟು ತುಂಬಬಹುದು ಎಂಬ ಅಳತೆ ಅಚ್ಚಾಗಿತ್ತು. ವಾರ್ಡಿನಿಂದ ಅತ್ತಿಗೆಯ ಫೋನ್ ಬಂತು. ಧ್ವನಿ ಆಗಲೇ ಗರಗಸದ ಹಾಗಿತ್ತು, ಒಂದೊಂದು ಪದಕ್ಕೂ ಉಸಿರು ಹಿಡಿಯುತ್ತಿದ್ದರು. ನಾನು ಸ್ಪೀಕರಿಗೆ ಹಾಕಿದೆ.

"ಚಿಕ್ಕದನ್ನ ಮೊದಲು ಕೂರಿಸು. ದೊಡ್ಡದನ್ನ ಮುಟ್ಟಬೇಡ. ಎಲ್ಲ ಅದರಲ್ಲೇ ಇದೆ."

"ಚಿಕ್ಕದು ಮೊದಲು, ದೊಡ್ಡದು ಮುಟ್ಟಬಾರದು. ಸರಿ, ಅಕ್ಕ" ಎಂದರು ಇವರು.

ಇಬ್ಬರೂ ಆಡಿದ್ದು ಒಂದೇ ಮಾತು. ಒಬ್ಬರೂ ಒಂದಕ್ಷರ ತಪ್ಪಲಿಲ್ಲ. ಇವರು ಎರಡು ಟೆರಾಬೈಟಿನದನ್ನು ಎತ್ತಿಕೊಂಡು, ತಟ್ಟೆಯಂಥ ಚೌಕಟ್ಟಿಗೆ ತಿರುಪು ಬಿಗಿದು, ಡಬ್ಬಿಯೊಳಗೆ ಟಕ್ ಎನ್ನುವ ತನಕ ತಳ್ಳಿದರು. ಫ್ಯಾನು ಗುಂಯ್ ಎಂದಿತು. ಲ್ಯಾಪ್‌ಟಾಪಿನ ಪರದೆಯಲ್ಲಿ ಒಂದು ಹಳದಿ ತ್ರಿಕೋನ ಬಂತು. ನಾನು ಚಿಕ್ಕವಳ ಬಾಯಿಗೆ ತುತ್ತಿಡುತ್ತಾ ಅಡುಗೆಮನೆಯ ಬಾಗಿಲಲ್ಲಿದ್ದೆ. ಇದರಲ್ಲಿರೋದೆಲ್ಲ ಅಳಿಸಲೇ ಅಂತ ಕೇಳುತ್ತಿದೆ ಎಂದು ಇವರು ಅಲ್ಲಿಂದಲೇ ಕೂಗಿದರು. ನಾನು ಹೂಂ ಎಂದೆ. ಸಾಲಾಗಿ ಹೆಸರಿಟ್ಟವಳು ನಾನೇ ಆದ್ದರಿಂದ ಅದು ಯಾವ ಹೂಂ ಎಂದು ನನಗೆ ಚೆನ್ನಾಗಿ ಗೊತ್ತು. ಕಿವಿಗೊಡದೆ ಅನ್ನುವ ಹೂಂ. ಬೇಗ ಒರೆಸಲೋ ಪೂರ್ತಿ ಒರೆಸಲೋ ಎಂದು ಡಬ್ಬಿ ಇನ್ನೊಂದು ಸಲ ಕೇಳಿತು. ಮಾಡಿದರೆ ಗಟ್ಟಿಯಾಗಿ ಮಾಡಬೇಕು ಎನ್ನುವ ಮನುಷ್ಯ ನನ್ನ ಗಂಡ, ಪೂರ್ತಿ ಎಂದು ಒತ್ತಿದರು. ಕತ್ತಲಾಗುವ ತನಕ ಅದು ಕಿರಿಕಿರಿ ಎಂದು ಕೆಲಸ ಮಾಡಿತು. ಕೊನೆಗೆ ಹಸಿರು ದೀಪ ಹತ್ತಿತು. ಡಿಸ್ಕಿನ ಸ್ಥಿತಿ ಆರೋಗ್ಯಕರ ಎಂದು ಪರದೆ ಹೇಳಿತು.

ಭಾನುವಾರ ಎಂಟು ಟೆರಾಬೈಟಿನದನ್ನು ಕೇಬಲ್ಲಿಗೆ ಸಿಕ್ಕಿಸಿದರು. ಅದರೊಳಗೆ ಏನೂ ಇರಲಿಲ್ಲ. ಕೇಬಲ್ ಬದಲಿಸಿದರು, ಲ್ಯಾಪ್‌ಟಾಪ್ ಆರಿಸಿ ಹಚ್ಚಿದರು. ನಾನು ಸುಮ್ಮನೆ ಮೇಜಿನ ಕೆಳಗೆ ಬಿದ್ದಿದ್ದ ಕಾಲುಚೀಲಗಳನ್ನು ಎತ್ತಿಕೊಂಡೆ. ಒಂದು ಕೆಂಪು, ಒಂದು ನೀಲಿ. ಈ ಮನೆಯ ಬಟ್ಟೆ ಒಗೆದು ಮಡಿಸುವವಳು ನಾನು. ಕೆಂಪು ದೊಡ್ಡವಳದು, ನೀಲಿ ಚಿಕ್ಕವಳದು. ಅತ್ತಿಗೆ ಗುರುತು ಹಾಕಿಯೇ ಇಟ್ಟಿದ್ದರು. ನನ್ನ ಕಣ್ಣಿಗೆ ಮಾತ್ರ ಕಾಣುವ ಗುರುತು, ನನ್ನ ಕಣ್ಣಿಗೆ ಬೀಳಲೇ ಇಲ್ಲ.

"ಯಾವ ಡಿಸ್ಕು ಯಾವ ಚೀಲದಲ್ಲಿತ್ತು?" ಎಂದು ಕೇಳಿದೆ.

"ಎರಡರದ್ದು ಕೆಂಪು ಚೀಲದಲ್ಲಿತ್ತು. ಯಾಕೆ?"

ನಾನು ಹೇಳಬೇಕಾಗಲಿಲ್ಲ. ನನ್ನ ಮುಖ ನೋಡಿದರು, ಚೀಲ ನೋಡಿದರು, ಗೋಡೆಯ ಹತ್ತಿರ ಆಡುತ್ತಿದ್ದ ಇಬ್ಬರು ಮಕ್ಕಳನ್ನು ನೋಡಿದರು. ಹುಟ್ಟಿದಾಗಿನಿಂದ ಆ ಅಕ್ಕನ ಮಾತು ಕೇಳಿ ಬೆಳೆದವರು ಒಂದು ಮಧ್ಯಾಹ್ನದ ಮಟ್ಟಿಗೆ ಮರೆತಿದ್ದರು. ಕಾವಲಿಗೆಂದು ತಂದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸೋಮವಾರ ಚಿಕ್ಕವಳ ಕೈ ಹಿಡಿದುಕೊಂಡು, ಅಳಿಸಿಹೋದದ್ದನ್ನು ತೆಗೆದುಕೊಡುವವರ ಅಂಗಡಿ ಹುಡುಕಿಕೊಂಡು ಹೋದೆ. ನೆಲಮಾಳಿಗೆಯ ಕೋಣೆ, ಬಿಚ್ಚಿಟ್ಟ ಡಿಸ್ಕುಗಳ ರಾಶಿ. ಅಲ್ಲಿದ್ದ ಮನುಷ್ಯ ಬಹಳ ಹೊತ್ತು ನೋಡಿದ. ಬರೀ ಹೆಸರು ಅಳಿಸಿದ್ದರೆ ಕೆದಕಬಹುದಿತ್ತು, ಇದರಲ್ಲಿ ಮೂಲೆಯಿಂದ ಮೂಲೆಗೆ ಸೊನ್ನೆ ಬರೆದುಬಿಟ್ಟಿದೆ ಎಂದ. ಇನ್ನೊಂದು ಸಲ ನೋಡಿ ಎಂದು ಕೈಮುಗಿದೆ. ಪಾಪ, ನೋಡಿದ. ನನ್ನ ಸಮಾಧಾನಕ್ಕೆ ನೋಡುತ್ತಿದ್ದಾನೆಂದು ಗೊತ್ತಾಗುತ್ತಿತ್ತು. ಚಿಕ್ಕವಳು ಅವನ ಮೇಜಿನ ತಿರುಪುಗಳನ್ನು ಚೆಲ್ಲಾಡದ ಹಾಗೆ ಹಿಡಿದುಕೊಳ್ಳುವುದರಲ್ಲೇ ನನಗೆ ಅಳಲೂ ಆಗಲಿಲ್ಲ.

ಆಪರೇಷನ್ ಮುಗಿಯುವ ತನಕ ಹೇಳುವುದು ಬೇಡ ಎಂದು ಇವರು ಹೇಳಿದರು. ಈಗ ಹೇಳಿದರೆ ಎದೆ ಒಡೆದುಕೊಂಡು ಟೇಬಲ್ ಮೇಲೆ ಮಲಗುತ್ತಾಳೆ, ಹೇಗೂ ಗಂಟಲು ಕೂತುಹೋಗಿದೆ, ಹೇಳಿ ಏನು ಬಂತು ಎಂದರು. ಅಷ್ಟೇ ಅವರು ಆಡಿದ ಮಾತು. ಆಮೇಲೆ ಬಾಯಿ ಮುಚ್ಚಿಕೊಂಡವರು ತೆರೆಯಲೇ ಇಲ್ಲ. ಊಟಕ್ಕೆ ಕರೆದರೆ ತಲೆಯಾಡಿಸುವುದು, ನೀರು ಬೇಕಾದರೆ ಲೋಟ ತೋರಿಸುವುದು. ಅಕ್ಕನ ತೊಡೆಯ ಮೇಲೆ ಕೂರುವ ಮೊದಲಿದ್ದ ಹುಡುಗನಾಗಿಬಿಟ್ಟರು.

ಮಂಗಳವಾರ ನಾನು ವಾರ್ಡಿಗೆ ಹೋದೆ. ಅತ್ತಿಗೆ ಹಾಸಿಗೆಯ ಮೇಲೆ ಕಾಲು ಮಡಚಿಕೊಂಡು ಕೂತು, ಪಕ್ಕದ ಹಾಸಿಗೆಯ ಅಜ್ಜಿಗೆ ತುಟಿ ನೋಡಿ ಮಾತು ತಿಳಿಯುವುದನ್ನು ಹೇಳಿಕೊಡುತ್ತಿದ್ದರು, ಒಂದಿಷ್ಟೂ ಸದ್ದಿಲ್ಲದೆ. ನನ್ನ ಜೊತೆಗೂ ತುಟಿಯಲ್ಲೇ ಮಾತು. ನರ್ಸು ಬಂದವಳು, ಮಾತಾಡಬಾರದೆಂದು ಡಾಕ್ಟರೇನೂ ಹೇಳಿಲ್ಲ, ನಿಮ್ಮ ಅತ್ತಿಗೆ ತಾವಾಗಿಯೇ ಮೌನ ಹಿಡಿದಿದ್ದಾರೆ ಎಂದು ನಕ್ಕಳು. ನನ್ನ ಮುಖದ ಪ್ರಶ್ನೆ ನೋಡಿ ಅತ್ತಿಗೆ ಬಗ್ಗಿ ಕಿವಿಯ ಹತ್ತಿರ ಬಂದರು.

"ಮಾತಾಡಿದ್ರೆ ನೋಯುತ್ತೆ ಕಣೇ. ಒಳ್ಳೇದೆಲ್ಲ ಡಬ್ಬೀಲಿದೆಯಲ್ಲ, ಈ ಹರಕು ಯಾಕೆ?"

ಡಬ್ಬಿಯನ್ನು ನಂಬಿ ಅವರು ಉಳಿದ ಧ್ವನಿಯನ್ನು ಬಳಸದೆ ಬಿಡುತ್ತಿದ್ದರು. ಹರಕೋ ಗೊಗ್ಗರೋ, ಅದು ಅವರದೇ. ಗುರುವಾರದ ನಂತರ ಅದೂ ಇಲ್ಲ. ಹೇಳದೆ ಇರುವ ಒಂದೊಂದು ಗಂಟೆಯೂ ನಾವು ಎರಡನೇ ಸಲ ಒರೆಸುತ್ತಿರುವ ಹಾಗೆ. ತಮ್ಮ ಹೇಗಿದ್ದಾನೆ ಎಂದು ತುಟಿಯಾಡಿಸಿದರು. ಚೆನ್ನಾಗಿದ್ದಾರೆ ಎಂದಷ್ಟೇ ಹೇಳಿ, ಬಸ್ಸು ತಪ್ಪುತ್ತದೆ ಎಂದು ಎದ್ದುಬಂದೆ. ಬಸ್ಸಿನಲ್ಲಿ ಕೂತು ಫೋನಿನಲ್ಲಿ ಅವರ ಧ್ವನಿ ಎಲ್ಲಾದರೂ ಇದೆಯೇ ಎಂದು ತಡಕಾಡಿದೆ. ಮುಖ ತೋರಿಸದೆ ಮಾತು ಕಳಿಸಬಾರದು, ಕಿವಿ ಕೇಳದವರಿಗೆ ಅದು ಅವಮಾನ ಎಂದು ಆ ಮಹಾತಾಯಿ ಇಷ್ಟು ವರ್ಷ ಬರೀ ಟೈಪು ಮಾಡಿ ಕಳಿಸಿದ್ದರು. ಸಿಕ್ಕಿದ್ದು ಒಂದು ವೀಡಿಯೊ. ಮಕ್ಕಳ ಕಿರುಚಾಟದ ಹಿಂದೆ ಎಲ್ಲೋ ಅವರ ನಗು.

ಬುಧವಾರ ಮಧ್ಯಾಹ್ನ ದೊಡ್ಡವಳು ಶಾಲೆಯಿಂದ ಬಂದು, ಚೀಲ ಇಳಿಸದೆ ಡಬ್ಬಿಯ ಮುಂದೆ ನಿಂತಳು. ಎರಡೂ ಡಿಸ್ಕನ್ನು ಕೂರಿಸಿಟ್ಟಿದ್ದೆವು. ಬಿಚ್ಚಿದರೆ ಏನೋ ನಿಜವಾಗಿಬಿಡುತ್ತದೆ ಎಂಬ ಹಾಗೆ. ಎರಡು ಹಸಿರು ದೀಪ ಮಿಣಮಿಣ ಎನ್ನುತ್ತಿದ್ದವು. ಅವಳು ಅಂಗೈಯನ್ನು ಡಬ್ಬಿಯ ಮೇಲೆ ಒತ್ತಿಟ್ಟಳು. ಅವಳ ಅತ್ತೆ ಕಲಿಸಿದ್ದು.

"ಅಮ್ಮಾ, ಅತ್ತೆ ಗಂಟಲು ಥರಾನೇ ನಡುಗ್ತಿದೆ" ಎಂದಳು. "ಒಳಗಿದಾರೆ ಅಲ್ವಾ?"

ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡೆ. ಧ್ವನಿಮುದ್ರಣದ ಗುಂಡಿ ಒತ್ತಿದೆ, ಒತ್ತಿದೆನೇ ಎಂದು ಮತ್ತೆ ನೋಡಿದೆ. ಮೌನ ಹಿಡಿದವರು ಫೋನ್ ಎತ್ತುತ್ತಾರೋ ಇಲ್ಲವೋ ಎಂದು ರಿಂಗಾಗುವಷ್ಟು ಹೊತ್ತೂ ಅನಿಸಿತು. ಎತ್ತಿದರು. ಮಾತಿಲ್ಲ, ಉಸಿರು ಮಾತ್ರ.

"ಅತ್ತಿಗೆ, ನಾನು. ಒಂದು ವಿಷಯ ಹೇಳಬೇಕು. ನಿಲ್ಲಿಸದೆ ಹೇಳಿಬಿಡ್ತೀನಿ."

"ಹೂಂ."

ಹೇಳಿದೆ. ಶನಿವಾರದಿಂದ ಶುರುಮಾಡಿದೆ. ಚಿಕ್ಕದು ಎಂದರೆ ಇವರು ಏನು ತಿಳಿದರು ಎಂದು ಹೇಳಿದೆ. ಹಳದಿ ತ್ರಿಕೋನ ಹೇಳಿದೆ, ನಾನು ಅಂದ ಹೂಂ ಹೇಳಿದೆ. ನಾನು ಉಸಿರಿಗೆ ನಿಂತಾಗಲೆಲ್ಲ ಆ ಕಡೆಯಿಂದ ಒಂದೊಂದು ಹೂಂ ಬರುತ್ತಿತ್ತು. ಕತೆ ಕೇಳುವವರ ಹೂಂ, ಮುಂದೆ ಹೇಳು ಎನ್ನುವುದು. ಸೊನ್ನೆ ಎಂದಾಗ ಬರಲಿಲ್ಲ. ಫೋನ್ ಕತ್ತರಿಸಿತೇ ಎಂದು ಪರದೆ ನೋಡಿದೆ. ಕತ್ತರಿಸಿರಲಿಲ್ಲ. ವಾರ್ಡಿನಲ್ಲಿ ಯಾರದೋ ತಳ್ಳುಗಾಡಿಯ ಚಕ್ರ ಕಿರುಗುಟ್ಟುತ್ತಾ ದೂರ ಹೋಗುವುದು ಕೇಳಿಸುತ್ತಿತ್ತು.

"ಕಾಲುಚೀಲ ನೋಡ್ಲಿಲ್ವಾ?" ಎಂದರು ಕೊನೆಗೆ. ಧ್ವನಿ ಹಾಳೆ ಹರಿದ ಹಾಗಿತ್ತು.

"ಆಮೇಲೆ ನೋಡಿದೆ, ಅತ್ತಿಗೆ."

ಮತ್ತೆ ಉಸಿರು. ಅಳುತ್ತಿದ್ದರೋ ಏನೋ, ಅವರು ಅಳುವುದನ್ನು ನಾನು ಕೇಳಿದವಳಲ್ಲ, ಆ ಸದ್ದು ನನಗೆ ಗೊತ್ತಿಲ್ಲ. ನಾಳೆ ಎಷ್ಟು ಹೊತ್ತಿಗೆ ಒಳಗೆ ಕರೆದೊಯ್ಯುತ್ತಾರೆ, ಇನ್ನೆಷ್ಟು ಹೊತ್ತು ಉಳಿದಿದೆ ಎಂದು ಲೆಕ್ಕ ಹಾಕಲೂ ನನಗೆ ಧೈರ್ಯವಿರಲಿಲ್ಲ.

"ಅವನು ಮಾತಾಡ್ತಿದಾನಾ?"

ಮಂಗಳವಾರ ಹೇಳಿದ ಹಾಗೆ ಚೆನ್ನಾಗಿದ್ದಾರೆ ಎನ್ನಲು ಹೋದೆ, ಆಗಲಿಲ್ಲ. "ಇಲ್ಲ ಅತ್ತಿಗೆ. ಸೋಮವಾರದಿಂದ ಬಾಯಿ ಬಿಟ್ಟಿಲ್ಲ."

"ಹೂಂ" ಎಂದರು. ನಾನು ಹೆಸರಿಟ್ಟವುಗಳಲ್ಲಿ ಅದು ಯಾವುದೂ ಆಗಿರಲಿಲ್ಲ.

"ಮೈಕು ತೊಗೊಂಡು ಬಾ. ಈಗಲೇ" ಎಂದರು. ಉಸಿರು ಹಿಡಿದು, ನುಂಗಿ, ಮತ್ತೆ ಎಂದರು, "ಅವನನ್ನೂ ಕರ್ಕೊಂಡು ಬಾ. ಪಕ್ಕದಲ್ಲಿ ಕೂತ್ಕೋಬೇಕು. ಕತೆ ಹೇಳ್ತೀನಿ, ಅವನು ಹೂಂ ಅನ್ಲಿ."